ಅನುಮಾಪನದ ಲೆಕ್ಕ ತಪ್ಪಿದಾಗ: ಉತ್ತರದಿಂದಲೇ ದೋಷವನ್ನು ಗುರುತಿಸುವ ಬಗೆ

ಪ್ರಥಮ ಪಿಯುಸಿಯ ಪ್ರಯೋಗಾಲಯದಲ್ಲಿ ವಿದ್ಯಾರ್ಥಿಗಳು ಮಾಡುವ ಆಮ್ಲ-ಪ್ರತ್ಯಾಮ್ಲ ಅನುಮಾಪನಗಳು (ಸಾರತೆ ಗೊತ್ತಿರುವ ದ್ರಾವಣದಿಂದ ಇನ್ನೊಂದು ದ್ರಾವಣದ ಸಾರತೆಯನ್ನು ಅಳೆಯುವ ಟೈಟ್ರೇಷನ್‌ಗಳು) ಮುಖ್ಯವಾಗಿ ಎರಡು. ಸಾರತೆ ಗೊತ್ತಿರುವ ಆಕ್ಸಾಲಿಕ್ ಆಮ್ಲವನ್ನು ಆಧಾರವಾಗಿಟ್ಟುಕೊಂಡು ಸೋಡಿಯಂ ಹೈಡ್ರಾಕ್ಸೈಡಿನ ಸಾರತೆಯನ್ನು ಕಂಡುಹಿಡಿಯುವುದು ಒಂದು. ಸೋಡಿಯಂ ಕಾರ್ಬೊನೇಟನ್ನು ಆಧಾರವಾಗಿಟ್ಟುಕೊಂಡು ಹೈಡ್ರೋಕ್ಲೋರಿಕ್ ಆಮ್ಲದ ಸಾರತೆಯನ್ನು ಕಂಡುಹಿಡಿಯುವುದು ಇನ್ನೊಂದು. ಕೊಪ್ಪಳ ಜಿಲ್ಲೆಯ ಪದವಿಪೂರ್ವ ಕಾಲೇಜೊಂದರಲ್ಲಿ ಈ ಪ್ರಯೋಗಗಳನ್ನು ಮಾಡಿಸುತ್ತಾ ಬಂದಿರುವ ನಾನು ಗಮನಿಸಿರುವುದೇನೆಂದರೆ, ಬ್ಯೂರೆಟ್ (ದ್ರವವನ್ನು ಹನಿಹನಿಯಾಗಿ ಬಿಡುವ, ಅಳತೆಯ ಗೆರೆಗಳಿರುವ ಗಾಜಿನ ಕೊಳವೆ) ಹಿಡಿಯುವ ಕೈ ಬಹುಬೇಗ ಪಳಗುತ್ತದೆ, ಬಣ್ಣ ಬದಲಾಗುವ ಹನಿಯನ್ನು ಕಣ್ಣು ಬಹುಬೇಗ ಕಲಿಯುತ್ತದೆ, ಆದರೆ ಲೆಕ್ಕದ ಪುಟ ಮಾತ್ರ ವರ್ಷದ ಕೊನೆಯವರೆಗೂ ಕಾಡುತ್ತದೆ. "ಸರ, ಉತ್ತರ ಅರ್ಧಾನ ಬಂತ್ರಿ" ಎಂದು ಹೇಳಿ, ಬರೆದದ್ದನ್ನೆಲ್ಲ ಅಳಿಸಿ, ಅದೇ ಹಾದಿಯಲ್ಲಿ ಮತ್ತೊಮ್ಮೆ ಲೆಕ್ಕ ಮಾಡಿ, ಮತ್ತೆ ಅರ್ಧವನ್ನೇ ತರುವ ವಿದ್ಯಾರ್ಥಿಗಾಗಿ ಈ ಕೈಪಿಡಿಯನ್ನು ಬರೆಯುತ್ತಿದ್ದೇನೆ.

ತಪ್ಪು ಉತ್ತರವನ್ನು ಅಳಿಸಬಾರದು ಎಂಬುದೇ ಇಲ್ಲಿನ ಮುಖ್ಯ ಮಾತು. ಬಂದ ಉತ್ತರವನ್ನು ಬರಬೇಕಾಗಿದ್ದ ಉತ್ತರದಿಂದ ಭಾಗಿಸಿ ನೋಡಬೇಕು. ಅನುಮಾಪನದ ಲೆಕ್ಕದಲ್ಲಿ ಇರುವುದೆಲ್ಲ ಗುಣಾಕಾರ ಮತ್ತು ಭಾಗಾಕಾರಗಳೇ ಆಗಿರುವುದರಿಂದ, ಎಲ್ಲೋ ಒಂದು ಕಡೆ ಬಿಟ್ಟುಹೋದ ಅಥವಾ ಅದಲುಬದಲಾದ ಸಂಖ್ಯೆಯು ಆ ಭಾಗಲಬ್ಧದಲ್ಲಿ ಹಾಗೆಯೇ ಉಳಿದುಕೊಂಡಿರುತ್ತದೆ. ಅರ್ಧ, ಕಾಲು, ಹತ್ತು ಪಟ್ಟು, 1.4 ಪಟ್ಟು ಎಂಬ ಒಂದೊಂದು ಭಾಗಲಬ್ಧವೂ ಒಂದೊಂದು ಜಾಗವನ್ನು ಬೆರಳಿಟ್ಟು ತೋರಿಸುತ್ತದೆ.

ಬರಬೇಕಾಗಿದ್ದ ಉತ್ತರವೇ ಗೊತ್ತಿಲ್ಲದಿದ್ದರೆ ಯಾವುದರಿಂದ ಭಾಗಿಸುವುದು ಎಂದು ಕೇಳಬಹುದು. ಅದಕ್ಕೆ ಬ್ಯೂರೆಟ್ ಓದಿನಿಂದಲೇ ಒಂದು ಅಂದಾಜು ಸಿಗುತ್ತದೆ. ತಟಸ್ಥೀಕರಣದಲ್ಲಿ ಎರಡೂ ಕಡೆಯ ನಾರ್ಮಾಲಿಟಿ (ಒಂದು ಲೀಟರ್ ದ್ರಾವಣ ಕೊಡಬಲ್ಲ ಅಥವಾ ತಟಸ್ಥಗೊಳಿಸಬಲ್ಲ ಹೈಡ್ರೋಜನ್ ಅಯಾನುಗಳ ಮೋಲ್ ಸಂಖ್ಯೆ) ಮತ್ತು ಗಾತ್ರಗಳ ಗುಣಲಬ್ಧ ಸಮವಾಗಿರಬೇಕು. ಪಿಪೆಟ್ಟಿನಿಂದ 25 ಮಿ.ಲೀ. ಆಮ್ಲ ಹಾಕಿ, ಬ್ಯೂರೆಟ್ಟಿನಿಂದ 24.6 ಮಿ.ಲೀ. ಕ್ಷಾರ ಖರ್ಚಾಗಿದ್ದರೆ, ಎರಡರ ನಾರ್ಮಾಲಿಟಿಯೂ ಹೆಚ್ಚು ಕಡಿಮೆ ಒಂದೇ ಇದೆ ಎಂದು ಪೆನ್ನು ಹಿಡಿಯುವ ಮೊದಲೇ ಹೇಳಿಬಿಡಬಹುದು. ಕ್ಷಾರ ಸ್ವಲ್ಪ ಕಡಿಮೆ ಖರ್ಚಾಗಿರುವುದರಿಂದ ಅದು ಆಮ್ಲಕ್ಕಿಂತ ತುಸು ಹೆಚ್ಚು ಸಾರವುಳ್ಳದ್ದು ಎಂಬುದೂ ಅಷ್ಟೇ ಖಚಿತ. ಈ ಅಂದಾಜನ್ನು ರೆಕಾರ್ಡಿನ ಅಂಚಿನಲ್ಲಿ ಪೆನ್ಸಿಲ್‌ನಿಂದ ಬರೆದಿಟ್ಟುಕೊಂಡೇ ಲೆಕ್ಕಕ್ಕೆ ಇಳಿಯುವುದು ಒಳ್ಳೆಯದು.

ಆಕ್ಸಾಲಿಕ್ ಆಮ್ಲದ ಲೆಕ್ಕ

ಒಂದು ಲೆಕ್ಕವನ್ನು ಪೂರ್ತಿಯಾಗಿ ಮಾಡಿ, ಅನಂತರ ಅದನ್ನು ಬೇಕೆಂದೇ ಬೇರೆ ಬೇರೆ ರೀತಿಯಲ್ಲಿ ಕೆಡಿಸಿ ನೋಡೋಣ. ಆಕ್ಸಾಲಿಕ್ ಆಮ್ಲದ ಹರಳುಗಳನ್ನು 1.575 ಗ್ರಾಂ ತೂಗಿ, 250 ಮಿ.ಲೀ. ಸ್ಟ್ಯಾಂಡರ್ಡ್ ಫ್ಲಾಸ್ಕಿನಲ್ಲಿ ಗೆರೆಯವರೆಗೆ ನೀರು ತುಂಬಿ ಕರಗಿಸಲಾಗಿದೆ. ಹರಳಿನಲ್ಲಿ ಪ್ರತಿ ಅಣುವಿಗೆ ಎರಡು ನೀರಿನ ಅಣುಗಳಿರುವುದರಿಂದ ಅದರ ಮೋಲಾರ್ ರಾಶಿ 126 ಗ್ರಾಂ. 1.575 ÷ 126 = 0.0125 ಮೋಲ್, ಅದು ಕಾಲು ಲೀಟರಿನಲ್ಲಿರುವುದರಿಂದ ಮೋಲಾರಿಟಿ, ಅಂದರೆ ಲೀಟರಿಗಿರುವ ಮೋಲ್‌ಗಳ ಸಂಖ್ಯೆ, 0.05. ಇದರ 25 ಮಿ.ಲೀ.ಗೆ ಫಿನಾಲ್ಫ್ತಲೀನ್ ಸೂಚಕ (ಬಣ್ಣ ಬದಲಿಸಿ ಕೊನೆಯ ಹಂತವನ್ನು ತೋರಿಸುವ ವಸ್ತು) ಹಾಕಿ ಅನುಮಾಪನ ಮಾಡಿದಾಗ 24.6 ಮಿ.ಲೀ. ಸೋಡಿಯಂ ಹೈಡ್ರಾಕ್ಸೈಡ್ ಖರ್ಚಾಯಿತು ಎಂದಿಟ್ಟುಕೊಳ್ಳಿ.

ಆಮ್ಲ: 0.05 × 25 = 1.25 ಮಿಲಿಮೋಲ್
ಬೇಕಾದ ಕ್ಷಾರ: 1.25 × 2 = 2.5 ಮಿಲಿಮೋಲ್
ಕ್ಷಾರದ ಮೋಲಾರಿಟಿ: 2.5 ÷ 24.6 = 0.1016

ಈಗ ಕೆಡಿಸುವ ಸರದಿ. ಎರಡನೆಯ ಸಾಲನ್ನೇ ಬಿಟ್ಟರೆ 0.0508 ಬರುತ್ತದೆ, ಅಂದರೆ ಭಾಗಲಬ್ಧ ಅರ್ಧ. ಆಕ್ಸಾಲಿಕ್ ಆಮ್ಲದ ಒಂದು ಅಣು ಎರಡು ಹೈಡ್ರೋಜನ್ ಅಯಾನುಗಳನ್ನು ಬಿಟ್ಟುಕೊಡುತ್ತದೆ ಎಂಬುದನ್ನು ಲೆಕ್ಕದೊಳಗೆ ತಂದಿಲ್ಲ ಎಂದು ಇದರ ಅರ್ಥ. ಉತ್ತರ 0.0254 ಬಂದಿದ್ದರೆ, ಅದು ಸರಿಯುತ್ತರದ ಕಾಲು ಭಾಗ. ಇಲ್ಲಿ ವಿದ್ಯಾರ್ಥಿ ಎರಡನ್ನು ಮರೆತಿಲ್ಲ, ಆದರೆ ಗುಣಿಸುವ ಕಡೆ ಭಾಗಿಸಿದ್ದಾನೆ. ಸೂತ್ರವನ್ನು ಬಾಯಿಪಾಠ ಮಾಡಿದವರಲ್ಲಿ ಈ ಕಾಲು ಭಾಗದ ದೋಷ ಹೆಚ್ಚು, ಸಮೀಕರಣವನ್ನು ಬರೆದು ಮೋಲ್‌ಗಳನ್ನು ಎಣಿಸುವವರಲ್ಲಿ ಅದು ಕಾಣಸಿಗುವುದೇ ಅಪರೂಪ. ಹಾಗಾಗಿ ಮೋಲಾರಿಟಿಯ ಲೆಕ್ಕಕ್ಕೆ ಒಂದೇ ಸಾಲಿನ ಸೂತ್ರವನ್ನು ನಾನು ಶಿಫಾರಸು ಮಾಡುವುದಿಲ್ಲ. ಮೇಲಿನಂತೆ ಮೂರು ಸಾಲು ಬರೆದರೆ ಅರ್ಧ ನಿಮಿಷ ಹೆಚ್ಚು ಹಿಡಿಯುತ್ತದೆ, ಆದರೆ ದೋಷ ಯಾವ ಸಾಲಿನಲ್ಲಿದೆ ಎಂದು ಹುಡುಕುವ ಕೆಲಸ ತಪ್ಪುತ್ತದೆ.

ಭಾಗಲಬ್ಧ ಸರಿಯಾಗಿ ಎರಡು ಬಂದಿದ್ದರೆ, ಅಂದರೆ ಉತ್ತರ 0.2033 ಆಗಿದ್ದರೆ, ಮೋಲಾರಿಟಿ ಮತ್ತು ನಾರ್ಮಾಲಿಟಿಗಳ ಬೆರಕೆಯನ್ನು ಅನುಮಾನಿಸಬೇಕು. ಈ ದ್ರಾವಣದ ಮೋಲಾರಿಟಿ 0.05, ನಾರ್ಮಾಲಿಟಿ 0.1. ಬಾಟಲಿಯ ಮೇಲೆ 0.1 ನಾರ್ಮಲ್ ಎಂದು ಬರೆದಿದ್ದನ್ನು ಮೋಲಾರಿಟಿ ಎಂದು ತಿಳಿದು, ಅದರ ಮೇಲೆ ಮತ್ತೊಮ್ಮೆ ಎರಡರಿಂದ ಗುಣಿಸಿದಾಗ ಹೀಗಾಗುತ್ತದೆ. ನಾರ್ಮಾಲಿಟಿಯೊಳಗೆ ಆ ಎರಡು ಆಗಲೇ ಸೇರಿಕೊಂಡಿರುತ್ತದೆ. ಒಂದು ಲೆಕ್ಕದಲ್ಲಿ ಎರಡರಲ್ಲಿ ಒಂದನ್ನು ಮಾತ್ರ ಹಿಡಿದು ಕೊನೆಯವರೆಗೂ ಅದನ್ನೇ ನಡೆಸಿಕೊಂಡು ಹೋಗಬೇಕು.

1.4 ಎಂಬ ಭಾಗಲಬ್ಧ ಕಂಡರೆ ಹುಡುಕುವ ಅಗತ್ಯವೇ ಇಲ್ಲ. 126 ÷ 90 = 1.4. ಸ್ಫಟಿಕೀಕರಣದ ನೀರನ್ನು ಬಿಟ್ಟು, ಆಕ್ಸಾಲಿಕ್ ಆಮ್ಲದ ಮೋಲಾರ್ ರಾಶಿಯನ್ನು 90 ಎಂದು ಹಿಡಿದದ್ದರಿಂದ ಉತ್ತರ 0.1423 ಆಗಿದೆ. ಸೋಡಿಯಂ ಕಾರ್ಬೊನೇಟಿನಲ್ಲೂ ಇದಕ್ಕೆ ಸಮಾನವಾದ ದೋಷವಿದೆ: ನೀರಿಲ್ಲದ ಪುಡಿಯ ಮೋಲಾರ್ ರಾಶಿ 106, ಹತ್ತು ನೀರಿನ ಅಣುಗಳಿರುವ ವಾಷಿಂಗ್ ಸೋಡಾ ಹರಳಿನದು 286. ಹರಳನ್ನು ತೂಗಿ 106ರಿಂದ ಭಾಗಿಸಿದವರ ಉತ್ತರ ಸುಮಾರು 2.7 ಪಟ್ಟು ದೊಡ್ಡದಾಗಿರುತ್ತದೆ. ಸಾವಿರದ ಭಾಗಲಬ್ಧವೆಂದರೆ ಮಿಲಿಲೀಟರನ್ನು ಲೀಟರಿಗೆ ಪರಿವರ್ತಿಸುವಲ್ಲಿನ ತೊಡಕು; ಅದು ಎಷ್ಟು ದೊಡ್ಡದೆಂದರೆ ಯಾರ ಕಣ್ಣಿಗಾದರೂ ಬೀಳುತ್ತದೆ, ಹಾಗಾಗಿ ಅದರಿಂದ ಅಪಾಯ ಕಡಿಮೆ.

ನಿಜವಾಗಿ ಅಪಾಯಕಾರಿಯಾದದ್ದು ಕಣ್ಣಿಗೆ ಬೀಳದ ದೋಷ. ಮೇಲಿನ ಲೆಕ್ಕದಲ್ಲೇ ಒಬ್ಬ ವಿದ್ಯಾರ್ಥಿನಿ 0.0984 ಎಂಬ ಉತ್ತರ ತಂದಳು ಎನ್ನೋಣ. 0.1ಕ್ಕೆ ಹತ್ತಿರವೇ ಇದೆ, ಪರೀಕ್ಷಕರೂ ಒಪ್ಪಿಕೊಂಡಾರು. ಆದರೆ ಭಾಗಲಬ್ಧ 0.968. ಇದು 24.6 ÷ 25ರ ವರ್ಗ. ಗಾತ್ರಗಳ ಅನುಪಾತ ತಲೆಕೆಳಗಾದಾಗಲೆಲ್ಲ, ಅಂದರೆ 25ನ್ನು 24.6ರಿಂದ ಭಾಗಿಸುವ ಬದಲು 24.6ನ್ನು 25ರಿಂದ ಭಾಗಿಸಿದಾಗ, ಭಾಗಲಬ್ಧ ಆ ಅನುಪಾತದ ವರ್ಗವಾಗಿ ಕಾಣಿಸುತ್ತದೆ. ಎರಡು ಗಾತ್ರಗಳು ಒಂದಕ್ಕೊಂದು ಹತ್ತಿರವಿದ್ದಷ್ಟೂ ಈ ದೋಷ ಅಡಗಿಕೊಳ್ಳುತ್ತದೆ. ಅಂಚಿನಲ್ಲಿ ಬರೆದಿಟ್ಟ ಅಂದಾಜು ಉಪಯೋಗಕ್ಕೆ ಬರುವುದು ಇಲ್ಲಿಯೇ: ಕಡಿಮೆ ಖರ್ಚಾದದ್ದು ಹೆಚ್ಚು ಸಾರವುಳ್ಳದ್ದು, ಕ್ಷಾರ 24.6 ಮಾತ್ರ ಖರ್ಚಾಗಿರುವಾಗ ಅದರ ನಾರ್ಮಾಲಿಟಿ 0.1ಕ್ಕಿಂತ ಕೆಳಗೆ ಬರಲು ಸಾಧ್ಯವೇ ಇಲ್ಲ.

ಇದೇ 0.0984 ಇನ್ನೊಂದು ಕಾರಣದಿಂದಲೂ ಬರಬಹುದು, ಮತ್ತು ಆ ಕಾರಣ ಲೆಕ್ಕದ ಪುಟದಲ್ಲಿ ಇರುವುದಿಲ್ಲ. ಬ್ಯೂರೆಟ್ಟಿನ ಅಂಕಿಗಳು ಮೇಲಿನಿಂದ ಕೆಳಕ್ಕೆ ಏರುತ್ತಾ ಹೋಗುತ್ತವೆ. ದ್ರವದ ಬಾಗಿದ ಮೇಲ್ಮೈಯ ತಳವು 24 ಮತ್ತು 25ರ ನಡುವೆ, 25ಕ್ಕಿಂತ ನಾಲ್ಕು ಸಣ್ಣ ಗೆರೆ ಮೇಲೆ ನಿಂತಿದೆ. ಅಳತೆಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಓದಿ ರೂಢಿಯಾದ ಕಣ್ಣು, 25ರಿಂದ ಮೇಲಕ್ಕೆ ನಾಲ್ಕು ಗೆರೆ ಎಣಿಸಿ 25.4 ಎಂದು ಬರೆದುಬಿಡುತ್ತದೆ. ನಿಜವಾದ ಓದು 24.6. ಈ 25.4ನ್ನು ಇಟ್ಟು ಉಳಿದೆಲ್ಲ ಲೆಕ್ಕವನ್ನು ಸರಿಯಾಗಿ ಮಾಡಿದರೂ 0.0984 ಬರುತ್ತದೆ. ಆದ್ದರಿಂದ ಇಂಥ ಉತ್ತರ ಕಂಡಾಗ ಮೊದಲು ಓದಿನ ಪಟ್ಟಿಯನ್ನು ನೋಡಿ, ಅಲ್ಲಿ 24.6 ಎಂದಿದ್ದರೆ ದೋಷ ಲೆಕ್ಕದ್ದು, 25.4 ಎಂದಿದ್ದರೆ ಕಣ್ಣಿನದು. ದ್ರವವನ್ನು ಹೊರಗೆ ಚೆಲ್ಲುವ ಮೊದಲೇ ಇನ್ನೊಬ್ಬರಿಂದ ಒಮ್ಮೆ ಓದಿಸುವುದು ಇದಕ್ಕಿರುವ ಪರಿಹಾರ.

ಭಾಗವನ್ನು ತೆಗೆದುಕೊಂಡು ಇಡಿಯನ್ನು ಮರೆಯುವುದು

ಕಿರಾಣಿ ಅಂಗಡಿಯಲ್ಲಿ ಸಿಗುವ ವಿನಿಗರಿನಲ್ಲಿ ಅಸೆಟಿಕ್ ಆಮ್ಲ ಎಷ್ಟಿದೆ ಎಂದು ನೋಡುವ ಪ್ರಯೋಗದಲ್ಲಿ ದ್ರಾವಣವನ್ನು ಎರಡು ಸಲ ಅಳೆಯಲಾಗುತ್ತದೆ. 10 ಮಿ.ಲೀ. ವಿನಿಗರನ್ನು 100 ಮಿ.ಲೀ.ಗೆ ನೀರಿನಿಂದ ತುಂಬಿ, ಅದರಲ್ಲಿ 20 ಮಿ.ಲೀ. ತೆಗೆದು, 0.1016 ಮೋಲಾರ್ ಕ್ಷಾರದಿಂದ ಅನುಮಾಪನ ಮಾಡಿದಾಗ 15.7 ಮಿ.ಲೀ. ಖರ್ಚಾಯಿತು. 0.1016 × 15.7 = 1.595 ಮಿಲಿಮೋಲ್. ಅಸೆಟಿಕ್ ಆಮ್ಲದ ಒಂದು ಅಣು ಒಂದೇ ಹೈಡ್ರೋಜನ್ ಅಯಾನನ್ನು ಕೊಡುವುದರಿಂದ ಇಷ್ಟೇ ಆಮ್ಲ ಆ 20 ಮಿ.ಲೀ.ನಲ್ಲಿದೆ. ಇಡೀ 100 ಮಿ.ಲೀ.ನಲ್ಲಿ ಅದರ ಐದು ಪಟ್ಟು, 7.976 ಮಿಲಿಮೋಲ್, 60.05ರಿಂದ ಗುಣಿಸಿದರೆ 479 ಮಿಲಿಗ್ರಾಂ. ಅದು 10 ಮಿ.ಲೀ. ವಿನಿಗರಿನಿಂದ ಬಂದದ್ದರಿಂದ 100 ಮಿ.ಲೀ.ಗೆ 4.79 ಗ್ರಾಂ. ಉತ್ತರ 0.96 ಬಂದವರು ಐದನ್ನು ಮರೆತಿದ್ದಾರೆ, 0.479 ಬಂದವರು ಕೊನೆಯ ಹತ್ತನ್ನು ಮರೆತಿದ್ದಾರೆ. ಐದು, ಹತ್ತು, ಹನ್ನೆರಡೂವರೆಯಂಥ ಭಾಗಲಬ್ಧಗಳು ಬಂದಾಗ, ಪ್ರಯೋಗದಲ್ಲಿ ಬಳಸಿದ ಪಿಪೆಟ್ ಮತ್ತು ಫ್ಲಾಸ್ಕುಗಳ ಗಾತ್ರಗಳನ್ನು ಒಂದರಿಂದ ಇನ್ನೊಂದನ್ನು ಭಾಗಿಸಿ ನೋಡಿದರೆ ಆ ಸಂಖ್ಯೆ ಎಲ್ಲಿಂದ ಬಂತೆಂಬುದು ಹೆಚ್ಚಿನ ಸಂದರ್ಭಗಳಲ್ಲಿ ಅಲ್ಲೇ ತಿಳಿಯುತ್ತದೆ.

ಸೂಚಕ ತಪ್ಪಿದ್ದರೆ ಲೆಕ್ಕ ಸರಿಯಿದ್ದೂ ಪ್ರಯೋಜನವಿಲ್ಲ

ಅರ್ಧ ಮತ್ತು ಇಮ್ಮಡಿಯ ಭಾಗಲಬ್ಧಗಳಿಗೆ ಸೂಚಕವೂ ಕಾರಣವಾಗಬಹುದು ಎಂಬುದನ್ನು ಬಹಳ ಮಂದಿ ಗಮನಿಸುವುದಿಲ್ಲ. 0.05 ಮೋಲಾರ್ ಸೋಡಿಯಂ ಕಾರ್ಬೊನೇಟಿನ 20 ಮಿ.ಲೀ.ಗೆ 0.1 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲ ಹಾಕುತ್ತಿದ್ದೇವೆ. ಮೀಥೈಲ್ ಆರೆಂಜ್ ಬಣ್ಣ ಬದಲಿಸುವುದು ಪಿಎಚ್ 3.1ರಿಂದ 4.4ರ ನಡುವೆ, ಅಲ್ಲಿಗೆ ತಲುಪುವ ಹೊತ್ತಿಗೆ ಕಾರ್ಬೊನೇಟ್ ಪೂರ್ತಿಯಾಗಿ ಇಂಗಾಲದ ಡೈಆಕ್ಸೈಡ್ ಆಗಿರುತ್ತದೆ, ಆಮ್ಲ 20 ಮಿ.ಲೀ. ಖರ್ಚಾಗಿರುತ್ತದೆ. ಫಿನಾಲ್ಫ್ತಲೀನಿನ ವ್ಯಾಪ್ತಿ 8.2ರಿಂದ 10, ಅಲ್ಲಿ ಗುಲಾಬಿ ಬಣ್ಣ ಹೋಗುವಾಗ ಕಾರ್ಬೊನೇಟ್ ಬೈಕಾರ್ಬೊನೇಟ್ ಆಗಿರುತ್ತದೆ ಅಷ್ಟೇ, ಆಮ್ಲ 10 ಮಿ.ಲೀ. ಮಾತ್ರ ಹಿಡಿದಿರುತ್ತದೆ. ಫಿನಾಲ್ಫ್ತಲೀನ್ ಬಳಸಿ 10 ಮಿ.ಲೀ. ಪಡೆದು, ಮೀಥೈಲ್ ಆರೆಂಜಿಗೆ ಸಲ್ಲುವ ಎರಡರಿಂದ ಗುಣಿಸಿದರೆ ಆಮ್ಲದ ಮೋಲಾರಿಟಿ 0.2 ಎಂದು ಬರುತ್ತದೆ. ಲೆಕ್ಕದ ದೋಷಕ್ಕೂ ಇದಕ್ಕೂ ಇರುವ ಭೇದವನ್ನು ಬ್ಯೂರೆಟ್ ಓದಿನಲ್ಲೇ ಕಾಣಬಹುದು: ಲೆಕ್ಕ ತಪ್ಪಿದ್ದರೆ ಓದು ಪಕ್ಕದ ಬ್ಯಾಚಿನವರಿಗೆ ಹೊಂದುತ್ತದೆ, ಸೂಚಕ ತಪ್ಪಿದ್ದರೆ ಓದೇ ಅರ್ಧವಾಗಿರುತ್ತದೆ. ಫಾಸ್ಫಾರಿಕ್ ಆಮ್ಲದ ಸೂತ್ರದಲ್ಲಿ ಮೂರು ಹೈಡ್ರೋಜನ್‌ಗಳಿದ್ದರೂ ಮೀಥೈಲ್ ಆರೆಂಜಿಗೆ ಒಂದು, ಫಿನಾಲ್ಫ್ತಲೀನಿಗೆ ಎರಡು ಮಾತ್ರ ಲೆಕ್ಕಕ್ಕೆ ಸಿಗುತ್ತವೆ. ಆದ್ದರಿಂದ ಗುಣಿಸಬೇಕಾದ ಸಂಖ್ಯೆಯನ್ನು ಸೂತ್ರದಿಂದ ಮಾತ್ರ ತೆಗೆದುಕೊಳ್ಳದೆ, ಸೂಚಕವನ್ನೂ ಕೇಳಿ ನಿರ್ಧರಿಸಬೇಕು.

ವಿನಿಗರಿಗೆ ಮೀಥೈಲ್ ಆರೆಂಜ್ ಹಾಕಿದರೆ ಕಾಣುವ ಲಕ್ಷಣ ಬೇರೆ. ಬಣ್ಣ ಒಂದೇ ಹನಿಗೆ ಬದಲಾಗದೆ, ಕೆಂಪಿನಿಂದ ಕಿತ್ತಳೆಗೆ, ಕಿತ್ತಳೆಯಿಂದ ಹಳದಿಗೆ ಹಲವು ಮಿಲಿಲೀಟರುಗಳ ಉದ್ದಕ್ಕೂ ನಿಧಾನವಾಗಿ ಜಾರುತ್ತದೆ. ಅಸೆಟಿಕ್ ಆಮ್ಲ ದುರ್ಬಲ ಆಮ್ಲವಾದುದರಿಂದ ಪಿಎಚ್ 4.4 ತಲುಪಿದಾಗ ಅದರ ಶೇ 30ರಷ್ಟು ಮಾತ್ರ ತಟಸ್ಥಗೊಂಡಿರುತ್ತದೆ. ಉತ್ತರ ಮೂರನೇ ಒಂದಕ್ಕಿಂತಲೂ ಕಡಿಮೆ ಬಂದು, ಮೂರು ಸಲದ ಓದುಗಳೂ ಒಂದಕ್ಕೊಂದು ಹೊಂದದಿದ್ದರೆ, ಕ್ಯಾಲ್ಕ್ಯುಲೇಟರನ್ನು ಬದಿಗಿಟ್ಟು ಸೂಚಕದ ಬಾಟಲಿಯ ಮೇಲಿನ ಹೆಸರನ್ನು ಓದಿ.

ಹಿಮ್ಮುಖ ಅನುಮಾಪನ

ಸೀಮೆಸುಣ್ಣದಲ್ಲೋ ಸುಣ್ಣದಕಲ್ಲಿನಲ್ಲೋ ಕ್ಯಾಲ್ಸಿಯಂ ಕಾರ್ಬೊನೇಟ್ ಎಷ್ಟಿದೆ ಎಂದು ತಿಳಿಯಲು, ಮೊದಲು ಹೆಚ್ಚಿನ ಆಮ್ಲ ಹಾಕಿ ಕರಗಿಸಿ, ಉಳಿದ ಆಮ್ಲವನ್ನು ಕ್ಷಾರದಿಂದ ಅಳೆಯುತ್ತೇವೆ. 0.5 ಗ್ರಾಂ ಪುಡಿಗೆ 0.25 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲ 50 ಮಿ.ಲೀ. ಹಾಕಿದ್ದೇವೆ, ಅಂದರೆ 12.5 ಮಿಲಿಮೋಲ್. ಉಳಿದದ್ದಕ್ಕೆ 0.1016 ಮೋಲಾರ್ ಕ್ಷಾರ 31.5 ಮಿ.ಲೀ. ಬೇಕಾಯಿತು, ಅಂದರೆ 3.2 ಮಿಲಿಮೋಲ್. ಪುಡಿ ಬಳಸಿಕೊಂಡ ಆಮ್ಲ 9.3 ಮಿಲಿಮೋಲ್, ಅದರ ಅರ್ಧ 4.65 ಮಿಲಿಮೋಲ್ ಕಾರ್ಬೊನೇಟ್. ತೂಕ 465 ಮಿಲಿಗ್ರಾಂ. ಶುದ್ಧತೆ ಶೇ 93.

ಇಲ್ಲಿ ಕಳೆಯುವ ಕ್ರಿಯೆ ಬರುವುದರಿಂದ ಭಾಗಲಬ್ಧದ ಉಪಾಯ ಪೂರ್ತಿ ಕೆಲಸ ಮಾಡುವುದಿಲ್ಲ; ಮೊದಲ ಸಾಲಿನ ದೋಷ ಕೊನೆಗೆ ಗುರುತು ಸಿಗದ ರೂಪದಲ್ಲಿ ಬರುತ್ತದೆ. ಅದರ ಬದಲು ದಿಕ್ಕನ್ನು ಪರೀಕ್ಷಿಸಬೇಕು. ಬ್ಯೂರೆಟ್ ಓದನ್ನು ಮನಸ್ಸಿನಲ್ಲೇ ಸ್ವಲ್ಪ ಹೆಚ್ಚಿಸಿ ನೋಡಿ: ಕ್ಷಾರ ಹೆಚ್ಚು ಬೇಕಾಯಿತು ಎಂದರೆ ಆಮ್ಲ ಹೆಚ್ಚು ಉಳಿದಿತ್ತು, ಅಂದರೆ ಪುಡಿಯಲ್ಲಿ ಕಾರ್ಬೊನೇಟ್ ಕಡಿಮೆ ಇತ್ತು. ಓದು ಏರಿದಾಗ ನಿಮ್ಮ ಲೆಕ್ಕದಲ್ಲಿ ಶುದ್ಧತೆಯೂ ಏರುತ್ತಿದ್ದರೆ ನೀವು ಕಳೆಯುವುದನ್ನು ಮರೆತು, ಉಳಿದ ಆಮ್ಲವನ್ನೇ ಬಳಕೆಯಾದ ಆಮ್ಲವೆಂದು ಹಿಡಿದಿದ್ದೀರಿ. ಆಗ ಶೇ 93ರ ಜಾಗದಲ್ಲಿ ಶೇ 32 ಬರುತ್ತದೆ. ಶೇ 186 ಬಂದಿದ್ದರೆ ಕೊನೆಯ ಅರ್ಧ ಬಿಟ್ಟುಹೋಗಿದೆ. ಶುದ್ಧತೆ ನೂರನ್ನು ದಾಟಿದ ಉತ್ತರವನ್ನು ಹಾಗೆಯೇ ರೆಕಾರ್ಡಿಗೆ ಇಳಿಸಿ ಸಹಿಗೆ ತರುವ ಅಭ್ಯಾಸವನ್ನು ಮೊದಲ ತಿಂಗಳಲ್ಲೇ ಬಿಡಿಸಬೇಕು.

ಅನುಮಾಪನದ ನಡುವಿನ ಪಿಎಚ್ ಕೇಳುವ ಲೆಕ್ಕದಲ್ಲಿ ದೋಷ ಸಾಮಾನ್ಯವಾಗಿ ಒಂದೇ ಕಡೆ ಇರುತ್ತದೆ. 0.1 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲ 25 ಮಿ.ಲೀ.ಗೆ ಅದೇ ಸಾರತೆಯ ಕ್ಷಾರ 20 ಮಿ.ಲೀ. ಸೇರಿಸಿದಾಗ ಉಳಿಯುವುದು 0.5 ಮಿಲಿಮೋಲ್ ಆಮ್ಲ. ಅದು ಈಗ 45 ಮಿ.ಲೀ.ನಲ್ಲಿ ಹರಡಿದೆ, ಪಿಎಚ್ 1.95. ಹಳೆಯ 25ರಿಂದಲೇ ಭಾಗಿಸಿದವರಿಗೆ 1.70 ಸಿಗುತ್ತದೆ.

ಭಾಗಲಬ್ಧ ಒಂದಕ್ಕೆ ತೀರಾ ಹತ್ತಿರವಿದ್ದರೆ

0.97ರಿಂದ 1.03ರ ನಡುವಿನ ಭಾಗಲಬ್ಧ ಬಂದು, ಗಾತ್ರಗಳು ತಲೆಕೆಳಗಾಗಿಲ್ಲ ಎಂದು ಖಚಿತವಾದ ಮೇಲೆ, ಪುಸ್ತಕ ಮುಚ್ಚಿ ಮೇಜಿನ ಕಡೆ ಹೋಗಬೇಕು. ಬ್ಯೂರೆಟ್ಟಿನ ಮೂತಿಯಲ್ಲಿ ಸಿಕ್ಕಿಕೊಂಡ ಗಾಳಿಗುಳ್ಳೆ, ತೆಗೆಯದೆ ಬಿಟ್ಟ ಫನೆಲ್ಲಿನಿಂದ ನಡುವೆ ಬಿದ್ದ ಹನಿ, ಕೋನಿಕಲ್ ಫ್ಲಾಸ್ಕನ್ನು ನೀರಿನಿಂದ ತೊಳೆಯುವ ಬದಲು ಆಮ್ಲದಿಂದಲೇ ತೊಳೆದದ್ದು, ಇವು ಎಲ್ಲ ಕೈಪಿಡಿಗಳಲ್ಲೂ ಇರುವ ಮಾತುಗಳು. 24.9, 24.6, 24.6 ಎಂಬ ಮೂರು ಓದುಗಳ ಸರಾಸರಿ ತೆಗೆದು 24.7 ಎಂದು ಬರೆಯಬಾರದು. ಹೊಂದುವ ಎರಡನ್ನು ಇಟ್ಟುಕೊಂಡು ಮೊದಲಿನದನ್ನು ಬಿಡಬೇಕು ಎಂಬುದನ್ನೂ ಎಲ್ಲರೂ ಬಲ್ಲರು. ನಮ್ಮ ಕಡೆಗೆ ವಿಶೇಷವಾಗಿ ಸಂಬಂಧಿಸಿದ ಎರಡು ಸಂಗತಿಗಳನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು.

ಮೊದಲನೆಯದು ನೀರು. ಡಿಸ್ಟಿಲ್ಡ್ ವಾಟರ್ ಮುಗಿದಾಗ ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ಕ್ಯಾನು ತುಂಬಿ ತರುವ ಪದ್ಧತಿ ಕೆಲವು ಕಡೆ ಇದೆ. ಕುಡಿಯಲು ಆ ನೀರು ಒಳ್ಳೆಯದೇ, ಆದರೆ ಅದರಲ್ಲಿ ಬೈಕಾರ್ಬೊನೇಟ್ ಸ್ವಲ್ಪ ಉಳಿದಿರುತ್ತದೆ. ಅದರ ಕ್ಷಾರತೆ ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ ಲೀಟರಿಗೆ 50 ಮಿಲಿಗ್ರಾಂ ಇದೆ ಎಂದಿಟ್ಟುಕೊಂಡರೂ, ಅದು ಪ್ರತಿ ಲೀಟರಿಗೆ ಒಂದು ಮಿಲಿಈಕ್ವಿವಲೆಂಟ್, ಅಂದರೆ 0.001 ನಾರ್ಮಲ್ ಆಗುತ್ತದೆ. ಆ ನೀರಿನಲ್ಲಿ 0.1 ನಾರ್ಮಲ್ ಸೋಡಿಯಂ ಕಾರ್ಬೊನೇಟ್ ತಯಾರಿಸಿದರೆ ಮೀಥೈಲ್ ಆರೆಂಜಿನ ದೃಷ್ಟಿಯಲ್ಲಿ ಅದು 0.101 ನಾರ್ಮಲ್, 20.0 ಬರಬೇಕಾದ ಕಡೆ 20.2 ಬರುತ್ತದೆ, ಮತ್ತು ಆಮ್ಲದ ಸಾರತೆ ಶೇ 1ರಷ್ಟು ಕಡಿಮೆ ಕಾಣುತ್ತದೆ. ಇನ್ನು ಕೊಳವೆಬಾವಿಯ ಗಡಸು ನೀರನ್ನೇ ನೇರವಾಗಿ ಬಳಸಿದರೆ, ಆಕ್ಸಾಲಿಕ್ ಆಮ್ಲದ ದ್ರಾವಣ ತಿಳಿಯಾಗಿ ಉಳಿಯದೆ ಕ್ಯಾಲ್ಸಿಯಂ ಆಕ್ಸಲೇಟಿನಿಂದ ಮಬ್ಬಾಗಬಹುದು. ಫ್ಲಾಸ್ಕನ್ನು ಕಿಟಕಿಯ ಬೆಳಕಿಗೆ ಹಿಡಿದು, ಹಿಂದೆ ಕಪ್ಪು ಕಾಗದ ಇಟ್ಟು ನೋಡಿ. ಹೊಗೆಯಾಡಿದಂತೆ ಕಂಡರೆ ಆ ದ್ರಾವಣವನ್ನು ಆಧಾರವಾಗಿ ಬಳಸಬೇಡಿ. ನೀರು ಅನುಮಾನಾಸ್ಪದವಾಗಿದ್ದರೆ ಖಾಲಿ ಪರೀಕ್ಷೆ ಮಾಡಬೇಕು: 100 ಮಿ.ಲೀ. ನೀರಿಗೆ ಎರಡು ಹನಿ ಮೀಥೈಲ್ ಆರೆಂಜ್ ಹಾಕಿ, ಬಣ್ಣ ತಿರುಗಲು 0.1 ನಾರ್ಮಲ್ ಆಮ್ಲ ಎಷ್ಟು ಬೇಕು ಎಂದು ನೋಡಬೇಕು. ಒಳ್ಳೆಯ ನೀರಿಗೆ ಒಂದೆರಡು ಹನಿಗಿಂತ ಹೆಚ್ಚು ಬೇಕಾಗುವುದಿಲ್ಲ.

ಎರಡನೆಯದು ಬಿಸಿಲು. ರಾಯಚೂರು, ಬಳ್ಳಾರಿಗಳಲ್ಲಿ ಬೇಸಿಗೆಯ ಮಧ್ಯಾಹ್ನ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ, ಮತ್ತು ಓದು ಹೊಂದದಿದ್ದಾಗಲೆಲ್ಲ ಸೆಖೆಯ ಮೇಲೆ ಹೊರೆ ಹಾಕುವುದನ್ನು ಕೇಳಿದ್ದೇನೆ. ಇದನ್ನು ಲೆಕ್ಕ ಹಾಕಿಯೇ ನೋಡಬಹುದು. ನೀರಿನ ಸಾಂದ್ರತೆ 27 ಡಿಗ್ರಿಯಲ್ಲಿ ಮಿಲಿಲೀಟರಿಗೆ 0.9965 ಗ್ರಾಂ, 40 ಡಿಗ್ರಿಯಲ್ಲಿ 0.9922 ಗ್ರಾಂ. 27 ಡಿಗ್ರಿಯಲ್ಲಿ ತಯಾರಿಸಿದ ದ್ರಾವಣವನ್ನು 40 ಡಿಗ್ರಿಯಲ್ಲಿ ಬಳಸಿದರೆ ಅದು ಹಿಗ್ಗಿ ಅದರ ಸಾರತೆ ಶೇ 0.43ರಷ್ಟು ಇಳಿಯುತ್ತದೆ, 20 ಮಿ.ಲೀ. ಓದಿನಲ್ಲಿ ಇದು 0.09 ಮಿ.ಲೀ., ಬ್ಯೂರೆಟ್ಟಿನ ಒಂದು ಸಣ್ಣ ಗೆರೆಯಷ್ಟು. ಸೂಕ್ಷ್ಮವಾದ ಕೆಲಸದಲ್ಲಿ ಇದನ್ನು ಗಮನಿಸಲೇಬೇಕು. ಆದರೆ ಶೇ 3ರ ವ್ಯತ್ಯಾಸಕ್ಕೆ ಬಿಸಿಲು ಕಾರಣವಾಗಲಾರದು, ಅದಕ್ಕೆ ಬೇರೆ ಕಾರಣವನ್ನೇ ಹುಡುಕಬೇಕು.

ಸೋಡಿಯಂ ಹೈಡ್ರಾಕ್ಸೈಡನ್ನು ಲೀಟರಿಗೆ 4 ಗ್ರಾಂ ತೂಗಿ ಹಾಕಿದ್ದೇವೆ, ಆದರೂ 0.1 ಬರುತ್ತಿಲ್ಲ, 0.092 ಬರುತ್ತಿದೆ ಎಂಬ ದೂರಿಗೆ ಉತ್ತರ ಸರಳವಾಗಿದೆ: ಅಲ್ಲಿ ದೋಷವೇ ಇಲ್ಲ. ಅದರ ಗುಳಿಗೆಗಳು ತಕ್ಕಡಿಯ ಮೇಲೆ ಇಟ್ಟಾಗಲೇ ಗಾಳಿಯ ತೇವವನ್ನೂ ಇಂಗಾಲದ ಡೈಆಕ್ಸೈಡನ್ನೂ ಹೀರಿಕೊಳ್ಳಲು ತೊಡಗುತ್ತವೆ, ಆದ್ದರಿಂದ ತೂಕದಿಂದ ಅದರ ಸಾರತೆಯನ್ನು ಹೇಳಲು ಬರುವುದಿಲ್ಲ. ಅನುಮಾಪನ ಮಾಡಿ ಕಂಡುಕೊಳ್ಳುತ್ತಿರುವುದೂ ಅದಕ್ಕಾಗಿಯೇ.

ಕೊಳವೆಬಾವಿ ನೀರಿನ ಕ್ಷಾರತೆ ಮತ್ತು ಒಂದನ್ನೊಂದು ಮುಚ್ಚುವ ದೋಷಗಳು

ಬಾಯ್ಲರ್ ಇರುವ ಕಡೆಯಲ್ಲೆಲ್ಲ, ಶಕ್ತಿನಗರ ಮತ್ತು ಕುಡತಿನಿಯ ಶಾಖೋತ್ಪನ್ನ ವಿದ್ಯುತ್ ಕೇಂದ್ರಗಳಿಂದ ಹಿಡಿದು ಸಣ್ಣ ಅಕ್ಕಿ ಗಿರಣಿಯವರೆಗೆ, ನೀರಿನ ಕ್ಷಾರತೆ ತಿಳಿದಿರಬೇಕು. ತುಂಗಭದ್ರಾ ಕಾಲುವೆಯ ಕೆಳಗಿನ ಸವಳು-ಜವಳು ಭೂಮಿಯ ಮಣ್ಣು ಪರೀಕ್ಷೆಯಲ್ಲೂ ಕಾರ್ಬೊನೇಟ್, ಬೈಕಾರ್ಬೊನೇಟುಗಳನ್ನು ಇದೇ ವಿಧಾನದಲ್ಲಿ ಅಳೆಯುತ್ತಾರೆ. ಹೀಗಾಗಿ ನಮ್ಮ ಮಕ್ಕಳು ಈ ಲೆಕ್ಕವನ್ನು ತಪ್ಪಿಲ್ಲದೆ ಕಲಿಯಬೇಕೆಂಬುದು ನನ್ನ ಆಸೆ.

50 ಮಿ.ಲೀ. ಕೊಳವೆಬಾವಿ ನೀರಿಗೆ ಮೊದಲು ಫಿನಾಲ್ಫ್ತಲೀನ್ ಹಾಕಿದಾಗ ಬಣ್ಣ ಬರದಿದ್ದರೆ ಗಾಬರಿಯಾಗಬೇಡಿ. ನೀರಿನಲ್ಲಿ ಕಾರ್ಬೊನೇಟ್ ಇಲ್ಲ, ಬೈಕಾರ್ಬೊನೇಟ್ ಮಾತ್ರ ಇದೆ ಎಂದರ್ಥ, ಓದು ಸೊನ್ನೆ ಎಂದು ಬರೆಯಿರಿ. ಅನಂತರ ಮೀಥೈಲ್ ಆರೆಂಜ್ ಹಾಕಿ 0.02 ನಾರ್ಮಲ್ ಸಲ್ಫ್ಯೂರಿಕ್ ಆಮ್ಲದಿಂದ ಅನುಮಾಪನ ಮಾಡಿದಾಗ 18.5 ಮಿ.ಲೀ. ಖರ್ಚಾಯಿತು.

ಕ್ಷಾರತೆ = 18.5 × 0.02 × 50 × 1000 ÷ 50 = ಲೀಟರಿಗೆ 370 ಮಿಲಿಗ್ರಾಂ, ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ

ಇಲ್ಲಿ 50 ಎಂಬುದು ಎರಡು ಸಲ ಬಂದಿದೆ, ಎರಡೂ ಬೇರೆ ಬೇರೆ: ಮೊದಲಿನದು ಕ್ಯಾಲ್ಸಿಯಂ ಕಾರ್ಬೊನೇಟಿನ ಈಕ್ವಿವಲೆಂಟ್ ತೂಕ (ಮೋಲಾರ್ ರಾಶಿಯ ಅರ್ಧ), ಕೊನೆಯದು ನೀರಿನ ಗಾತ್ರ. ಇವೆರಡನ್ನೂ ಹೊಡೆದುಹಾಕಿ ಸೂತ್ರವನ್ನು ಚಿಕ್ಕದಾಗಿ ನೆನಪಿಟ್ಟುಕೊಂಡವರು 100 ಮಿ.ಲೀ. ನೀರು ತೆಗೆದುಕೊಂಡ ದಿನ ತಪ್ಪುತ್ತಾರೆ. ಉತ್ತರ 740 ಬಂದಿದ್ದರೆ 50ರ ಜಾಗದಲ್ಲಿ ಮೋಲಾರ್ ರಾಶಿ 100 ಕೂತಿದೆ. 451 ಬಂದಿದ್ದರೆ ಭಾಗಲಬ್ಧ 1.22, ಅಂದರೆ 61 ÷ 50. ಲೆಕ್ಕ ಸರಿಯಿದೆ, ಆದರೆ ಉತ್ತರವನ್ನು ಬೈಕಾರ್ಬೊನೇಟ್ ಲೆಕ್ಕದಲ್ಲಿ ಹೇಳಲಾಗಿದೆ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರಲ್ಲಿ ಒಟ್ಟು ಕ್ಷಾರತೆಗೆ ಸ್ವೀಕಾರಾರ್ಹ ಮಿತಿ 200, ಬೇರೆ ನೀರಿನ ಮೂಲ ಇಲ್ಲದಿದ್ದಾಗ ಅನುಮತಿಸುವ ಮಿತಿ 600 ಎಂದಿದೆ, ಮತ್ತು ಅವು ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದ ಸಂಖ್ಯೆಗಳು. 370 ಈ ಎರಡರ ನಡುವೆ ಬೀಳುತ್ತದೆ, 740 ಆದರೆ ಎರಡನ್ನೂ ಮೀರುತ್ತದೆ. ಒಂದು ತಪ್ಪು ಗುಣಾಕಾರದಿಂದ ಊರಿನ ಬಾವಿಯೊಂದು ಕುಡಿಯಲು ಬಾರದ್ದು ಎನಿಸಿಕೊಳ್ಳಬಾರದು.

ಉತ್ತರ ಸರಿಯಾಗಿ 370 ಬಂದಿದ್ದರೂ ಲೆಕ್ಕ ತಪ್ಪಾಗಿರಬಹುದು ಎಂಬುದನ್ನು ಇಲ್ಲಿಯೇ ಹೇಳಬೇಕು, ಏಕೆಂದರೆ ಭಾಗಲಬ್ಧದ ಉಪಾಯಕ್ಕೆ ಸಿಗದೆ ಪೂರ್ತಿಯಾಗಿ ತಪ್ಪಿಸಿಕೊಳ್ಳುವ ದೋಷ ಇದು. ವಿದ್ಯಾರ್ಥಿಯೊಬ್ಬ 0.02ನ್ನು ಮೋಲಾರಿಟಿ ಎಂದು ಹಿಡಿದು 0.37 ಮಿಲಿಮೋಲ್ ಆಮ್ಲ ಎನ್ನುತ್ತಾನೆ. ಅದು ತಪ್ಪು, ನಿಜವಾಗಿ ಇರುವುದು 0.185. ಅನಂತರ ಹೈಡ್ರೋಕ್ಲೋರಿಕ್ ಆಮ್ಲದ ಲೆಕ್ಕದಲ್ಲಿ ಆದ ರೂಢಿಯಿಂದ, ಒಂದು ಕಾರ್ಬೊನೇಟಿಗೆ ಎರಡು ಆಮ್ಲ ಬೇಕು ಎಂದು ಎರಡರಿಂದ ಭಾಗಿಸುತ್ತಾನೆ. ಅದೂ ತಪ್ಪು, ಸಲ್ಫ್ಯೂರಿಕ್ ಆಮ್ಲದ ಒಂದು ಅಣು ಒಂದು ಕಾರ್ಬೊನೇಟಿಗೆ ಸಾಕು. ಇಮ್ಮಡಿಯಾದದ್ದು ಅರ್ಧವಾಗಿ, ಕೊನೆಯಲ್ಲಿ 0.185 × 100 = 18.5 ಮಿಲಿಗ್ರಾಂ, ಲೀಟರಿಗೆ 370 ಎಂಬ ಸರಿಯುತ್ತರವೇ ಬರುತ್ತದೆ. ಪುಟದ ಕೊನೆಯ ಸಾಲನ್ನು ಮಾತ್ರ ನೋಡಿ ಅಂಕ ಕೊಟ್ಟರೆ ಈ ವಿದ್ಯಾರ್ಥಿಗೆ ಪೂರ್ಣಾಂಕ ಸಿಗುತ್ತದೆ, ಮತ್ತು ಎರಡೂ ದೋಷಗಳು ಅವನೊಂದಿಗೇ ಮುಂದಿನ ತರಗತಿಗೆ ಹೋಗುತ್ತವೆ.

ಇದನ್ನು ಹೊರಗೆಳೆಯಲು ಹೊಸ ಪ್ರಯೋಗ ಬೇಕಾಗಿಲ್ಲ, ಬಾಟಲಿಯ ಚೀಟಿಯನ್ನು ಬದಲಾಯಿಸಿದರೆ ಸಾಕು. 0.02 ನಾರ್ಮಲ್ ಸಲ್ಫ್ಯೂರಿಕ್ ಆಮ್ಲವೆಂದರೂ 0.01 ಮೋಲಾರ್ ಸಲ್ಫ್ಯೂರಿಕ್ ಆಮ್ಲವೆಂದರೂ ದ್ರಾವಣ ಅದೇ. ಹಳೆಯ ಚೀಟಿಯನ್ನು ತೆಗೆದು 0.01 ಮೋಲಾರ್ ಎಂದು ಬರೆದಂಟಿಸಿ, ಅದೇ 18.5 ಓದಿನಿಂದ ಲೆಕ್ಕವನ್ನು ಮತ್ತೊಮ್ಮೆ ಮಾಡಲು ಹೇಳಿ. ಸರಿಯಾದ ದಾರಿಯಲ್ಲಿ ಬಂದವರಿಗೆ ಮತ್ತೆ 370 ಸಿಗುತ್ತದೆ. ಎರಡು ದೋಷಗಳನ್ನು ಒಟ್ಟಿಗೆ ಹೊತ್ತವರಿಗೆ ಈ ಸಲ ಒಂದೇ ಉಳಿಯುವುದರಿಂದ 185 ಬರುತ್ತದೆ, ಮತ್ತು ಭಾಗಲಬ್ಧ ಅರ್ಧವಾಗಿ ಎರಡರಿಂದ ಭಾಗಿಸಿದ ಸಾಲನ್ನು ನೇರವಾಗಿ ತೋರಿಸುತ್ತದೆ.